ಒತ್ತು ಬಿದ್ದಲ್ಲಿ ಒಡೆಯುವ ಸ್ವರ

ಹುಡುಗಿಯೊಬ್ಬಳು ತಿರುಗಿ ನೋಡಿದರೆ ಗಂಡಸು ತನ್ನ ಮುಖವನ್ನೇ ನೋಡಿದಳು ಎಂದುಕೊಳ್ಳುತ್ತಾನೆ. ಶಿಕಾಗೋ ಬಳಿಯ ಲೆಮಾಂಟ್ ದೇವಸ್ಥಾನದ ಊಟದ ಹಾಲಿನಲ್ಲಿ ಭಾನುಪ್ರಿಯಾ ತಿರುಗಿದ್ದು ಕಲ್ಲಿನಾಥನ ಮುಖಕ್ಕಲ್ಲ, ಅವನ ಬಾಯಿಂದ ಬಿದ್ದ ಒಂದು ಸ್ವರಕ್ಕೆ. ಪಾಪ, ಅದು ಗೊತ್ತಾಗಲು ಅವನಿಗೆ ಎರಡು ವರ್ಷ ಹಿಡಿಯಿತು.

ಅಂದು ದಸರೆಯ ಭಾನುವಾರ. ಪುಳಿಯೋಗರೆ ಬಡಿಸುತ್ತಿದ್ದ ಆಂಟಿಯೊಬ್ಬರು ಇನ್ನೊಂದು ಸೌಟು ಎತ್ತಿದಾಗ ಅವನು ತಟ್ಟೆಗೆ ಕೈ ಅಡ್ಡ ಹಿಡಿದ.

“ಬ್ಯಾಡ್ರೀ, ಹೊಟ್ಟಿ ತುಂಬೇತಿ.”

ಸಾಲಿನಲ್ಲಿ ಮುಂದಿದ್ದ ಹುಡುಗಿ ತಿರುಗಿದಳು. ಅವಳ ಕಣ್ಣು ಮೊದಲು ಅವನ ತುಟಿಯ ಮೇಲೆ ನಿಂತಿತು. ಆಮೇಲೆ, ಸಭ್ಯತೆ ನೆನಪಾದಂತೆ, ಮೆಲ್ಲಗೆ ಮೇಲೇರಿ ಅವನ ಕಣ್ಣಿಗೆ ಬಂತು. ಅವಳ ಕೆನ್ನೆಯ ಮೇಲೆ ಒಂದು ಅಕ್ಷತೆ ಕಾಳು ಅಂಟಿಕೊಂಡಿತ್ತು.

“ಏನಂದ್ರಿ ಈಗ?”

“ಬ್ಯಾಡ ಅಂದ್ನಿ.”

“ಇನ್ನೊಂದ್ಸಲ ಅನ್ನಿ.”

“ಊಟಾನಽ ಮುಗದೇತಿ, ಮತ್ತ ಯಾಕ್ರೀ ಅನಬೇಕು?”

“ನನಗೋಸ್ಕರ.”

ಅಂಥ ಕಣ್ಣಿನವಳು ನನಗೋಸ್ಕರ ಎಂದರೆ, ಒಂಟಿಯಾಗಿ ಬೇಳೆ ಬೇಯಿಸಿಕೊಂಡು ಉಣ್ಣುವ ಗಂಡಸು ಏನು ತಾನೇ ಮಾಡಿಯಾನು. ಕಲ್ಲಿನಾಥ ಮತ್ತೆ ಹೇಳಿದ. ಅವಳು ನಕ್ಕಳು. ಅಕ್ಷತೆ ಕಾಳು ಉದುರಿತು, ಅವನೂ ಉದುರಿದ.

ಅವಳು ಮೈಸೂರಿನವಳು. ಡೌನರ್ಸ್ ಗ್ರೋವ್‌ನಲ್ಲಿ ಚಿಕ್ಕಮ್ಮ ಪ್ರಭಾವತಿಯ ಮನೆಯಲ್ಲಿದ್ದುಕೊಂಡು, ರೈಲಿನಲ್ಲಿ ಶಿಕಾಗೋಗೆ ಹೋಗಿ ಬಂದು ಪಿಎಚ್‌ಡಿ ಮಾಡುತ್ತಿದ್ದಳು. ಹಳೆಯ ರೋಮಿನ ಆಡುಮಾತಿನ ಲ್ಯಾಟಿನ್ ಜನರ ಬಾಯಲ್ಲಿ ಸವೆದು ಸ್ಪ್ಯಾನಿಷ್, ಇಟಾಲಿಯನ್, ಫ್ರೆಂಚ್ ಆಗುವಾಗ ಸ್ವರಗಳಿಗೆ ಏನಾಯಿತು ಎಂಬುದು ಅವಳ ವಿಷಯ. ಅವನು ಗದಗಿನವನು. ಮಿಷಿಗನ್ ರಾಜ್ಯದ ಡೆಟ್ರಾಯ್ಟ್ ಪಕ್ಕದ ವಾರೆನ್‌ನಲ್ಲಿ ಕಾರಿನ ಒಳಗಿನ ಕಿರಿಕಿರಿ ಸದ್ದುಗಳನ್ನು ಹುಡುಕಿ ತೆಗೆಯುವ ಎಂಜಿನಿಯರ್, ದಸರೆಗೆಂದು ಗೆಳೆಯರ ಜೊತೆ ಇಲ್ಲಿಗೆ ಬಂದಿದ್ದ. ಇಬ್ಬರೂ ಕಿವಿಯಿಂದಲೇ ಅನ್ನ ಉಣ್ಣುವವರು ಎಂದು ಅವನು ಹೇಳಿದಾಗ ಅವಳು ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಕುಳಿತಳು.

“ಲ್ಯಾಟಿನ್‌ನಲ್ಲೂ ನಮ್ಮ ಹಾಗೇ ಐದು ಹ್ರಸ್ವ, ಐದು ದೀರ್ಘ,” ಎಂದಳು. “ಜನ ಮಾತಾಡ್ತಾ ಮಾತಾಡ್ತಾ ಆ ಉದ್ದ ಗಿಡ್ಡದ ವ್ಯತ್ಯಾಸ ಹೊರಟೇ ಹೋಯ್ತು. ಹ್ರಸ್ವ ಇ ಹೋಗಿ ಎ ಆಯ್ತು. ಉ ಹೋಗಿ ಒ ಆಯ್ತು.”

“ನಮ್ಮ ಕಡೆ ಮನೆ ಹೋಗಿ ಮನಿ ಆಗೇತಿ.”

“ಅದೇ. ಬಾಯೊಳಗೆ ಅವರ ಸ್ವರ ಕೆಳಗಿಳೀತು, ನಿಮ್ಮದು ಮೇಲೇರ್ತು.”

“ಅಂದ್ರ ರೋಮಿನವರಕಿಂತ ನಾವು ಮ್ಯಾಲ.”

“ಮ್ಯಾಲ,” ಎಂದು ಅವಳು ಕಣ್ಣು ಮುಚ್ಚಿ ಆ ಮಾತನ್ನು ಸವಿದಳು. “ಪಾದಕ್ಕೆ ಅವರು ಪೆದೆ ಅಂತಿದ್ರು. ಒತ್ತು ಬಿದ್ದು ಬಿದ್ದು ಆ ಎ ಎರಡಾಗಿ ಒಡೀತು, ಸ್ಪೇನ್‌ನಲ್ಲಿ ಪಿಯೆ ಆಯ್ತು. ಒಳ್ಳೇದಕ್ಕೆ ಬೊನು. ಅದೂ ಒಡೆದು ಬ್ವೆನೊ ಆಯ್ತು. ನಿಮ್ಮ ಬೇಡ ಬ್ಯಾಡ ಆದ ಹಾಗೆ, ತೋಟ ತ್ವಾಟ ಆದ ಹಾಗೆ. ಅವರದು ಹ್ರಸ್ವ, ನಿಮ್ಮದು ದೀರ್ಘ. ಒಡೆಯೋ ರೀತಿ ಮಾತ್ರ ಒಂದೇ.”

“ಒತ್ತು ಬೀಳದ ಸ್ವರದ್ದು?”

“ಉದುರಿ ಹೋಗುತ್ತೆ. ಹೋಗಿದ್ದು ಯಾರಿಗೂ ಗೊತ್ತೇ ಆಗಲ್ಲ.”

ಇಂಥ ಮಾತಿನಿಂದ ಪ್ರೇಮ ಹುಟ್ಟುತ್ತದೆ ಎಂದರೆ ನಂಬುವುದು ಕಷ್ಟ. ಆದರೆ ಹುಟ್ಟಿತು.

ಆಮೇಲಿನದು ಫೋನಿನ ಪ್ರೇಮ. ಡೆಟ್ರಾಯ್ಟ್‌ನ ಗಡಿಯಾರ ಶಿಕಾಗೋದ್ದಕ್ಕಿಂತ ಒಂದು ಗಂಟೆ ಮುಂದೆ. ಅವಳಿಗೆ ಎಂಟಾದಾಗ ಅವನಿಗೆ ಒಂಬತ್ತು. ಎಂಟಕ್ಕೆ ಮಾತಾಡೋಣ ಎಂದು ಅವಳು ಹೇಳಿದರೆ ಅವನು ತನ್ನ ಎಂಟಕ್ಕೇ ಫೋನ್ ಹಿಡಿದು ಕೂರುತ್ತಿದ್ದ. ಆ ಒಂದು ಗಂಟೆ ಕಾಯುವುದರಲ್ಲೂ ಅವನಿಗೆ ಸುಖವಿತ್ತು.

“ರೆಕಾರ್ಡ್ ಮಾಡ್ಕೊಳ್ಳಲಾ?” ಎಂದು ಅವಳು ಮೊದಲ ವಾರವೇ ಕೇಳಿದ್ದಳು.

“ಯಾಕ?”

“ನೀನು ಇಲ್ಲದಾಗ ಕೇಳೋಕೆ.”

ಇಷ್ಟು ಚೆಂದದ ಕಾರಣ ಕೊಟ್ಟರೆ ಒಲ್ಲೆ ಎನ್ನುವವರು ಯಾರು. ಅದು ಸುಳ್ಳೂ ಆಗಿರಲಿಲ್ಲ. ಅವಳು ಕೇಳುತ್ತಿದ್ದಳು, ಅವನ ಸ್ವರಗಳನ್ನು ಒಂದೊಂದಾಗಿ ಕತ್ತರಿಸಿ, ಕಂಪ್ಯೂಟರ್‌ನಲ್ಲಿ ಅಳೆದು ಅಳೆದು ಕೇಳುತ್ತಿದ್ದಳು.

ರಜೆ ಸಿಕ್ಕ ಶನಿವಾರ ಅವನು ಡ್ರೈವ್ ಮಾಡಿಕೊಂಡು ಬರುತ್ತಿದ್ದ. ಡೌನರ್ಸ್ ಗ್ರೋವ್ ಸ್ಟೇಷನ್ನಿನ ಬೆಂಚಿನ ಮೇಲೆ ಅವಳು ತೋರುಬೆರಳನ್ನು ಅವನ ಕೆಳದುಟಿಯ ಮೇಲಿಟ್ಟು, “ತ್ವಾಟ ಅನ್ನು,” ಎನ್ನುತ್ತಿದ್ದಳು.

“ತ್ವಾಟ.”

“ನೋಡು, ತುಟಿ ಮುಂದೆ ಬರ್ತಿದೆ.”

“ನಿನ್ನ ಕಡೆ ಬರಾಕತ್ತೇತಿ. ನಾ ಏನ್ ಮಾಡ್ಲಿ?”

ಬೆರಳನ್ನು ಅವಳು ತಕ್ಷಣ ತೆಗೆಯುತ್ತಿರಲಿಲ್ಲ. ರೈಲು ಬಂದು ನಿಂತು ಹೋದರೂ ತೆಗೆಯುತ್ತಿರಲಿಲ್ಲ. ಅದನ್ನು ವಿದ್ಯೆ ಎನ್ನುವುದೋ ಪ್ರೀತಿ ಎನ್ನುವುದೋ ಅವಳಿಗೇ ತಿಳಿದಿರಲಿಲ್ಲ. ಅವನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಇವಳನ್ನು ಮದುವೆಯಾಗಬೇಕು ಎಂಬ ಒಂದೇ ಆಸೆಯನ್ನು ಹೊತ್ತು ಅವನು ಆ ಹೆದ್ದಾರಿಯಲ್ಲಿ ಹೋಗಿ ಬರುತ್ತಿದ್ದ.

ಒಂದು ದಿನ ಆ ಮಾತನ್ನು ಎತ್ತಿದ.

“ಚಿಕ್ಕಮ್ಮ ಒಪ್ಪಿದ್ರೆ ಮೈಸೂರಲ್ಲಿ ಅಪ್ಪ ಅಮ್ಮ ಒಪ್ಪಿದ ಹಾಗೇ,” ಎಂದಳು ಭಾನು. “ಆದ್ರೆ ನಿನ್ನ ಮಾತು ಅವರಿಗೆ ಒರಟು ಅನ್ಸುತ್ತೆ ಕಣೋ. ಸ್ವಲ್ಪ ನೀಟ್ ಮಾಡ್ಕೋ.”

“ಇದಽ ಮಾತು ಚಂದ ಅಂತಿದ್ದಿ.”

“ನಂಗೆ ಚೆಂದಾನೇ. ಮನೆಯವರಿಗೆ ಚೆಂದ ಅನ್ನಿಸ್ಬೇಕಲ್ಲ.”

ಲ್ಯಾಟಿನ್ ಆಡಿದವರ ದನಿ ಯಾರ ಬಳಿಯೂ ಉಳಿದಿಲ್ಲ. ಒಬ್ಬರನ್ನು ಮೆಚ್ಚಿಸಲು ಇನ್ನೊಬ್ಬರು ತಮ್ಮ ಸ್ವರವನ್ನು ಹೇಗೆ ಬಿಡುತ್ತಾರೆ ಎಂಬುದನ್ನು ನೋಡಲು ಅವಳಿಗೆ ಬದುಕಿರುವ ಬಾಯಿಯೊಂದು ಬೇಕಿತ್ತು, ಅದು ತಾನಾಗಿ ಬಂದು ಪಕ್ಕದಲ್ಲಿ ಕುಳಿತಿತ್ತು.

ಅವನು ಕಲಿತ. ಟೆಸ್ಟ್ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಒಂದು ಗೊಂಬೆ ಕೂರುತ್ತದೆ. ಅದರ ಎರಡು ಕಿವಿಯಲ್ಲೂ ಮೈಕು. ಆ ಗೊಂಬೆಯನ್ನು ಕೂರಿಸಿಕೊಂಡು ಅವನು ಮನೆ, ತಲೆ, ಮೇಲೆ, ಬೇಡ ಎಂದು ಟ್ರ್ಯಾಕ್ ಸುತ್ತಿದ. ಒಮ್ಮೆ ಮೈಕ್ ಆಫ್ ಮಾಡಲು ಮರೆತ. ರೆಕಾರ್ಡಿಂಗ್ ಕೇಳಿದ ಸಹೋದ್ಯೋಗಿ, ಈ ಸದ್ದು ಡ್ಯಾಶ್‌ಬೋರ್ಡಿನ ಯಾವ ಭಾಗದ್ದು ಎಂದು ತಲೆ ಕೆರೆದುಕೊಂಡ.

ಗದಗಿನಲ್ಲಿ ಖಾನಾವಳಿ ನಡೆಸುವ ಅವನ ತಾಯಿ ನಿಂಗಮ್ಮನಿಗೆ ಇದು ಬೇಗ ತಿಳಿಯಿತು.

“ಕಲ್ಲಪ್ಪಾ, ಯಾಕೋ ಬ್ಯಾಂಕಿನವರ ಹಂಗ ಮಾತಾಡಾಕತ್ತಿ? ಲೋನ್ ಬೇಕೇನ್ರೀ ಅನ್ನಾವರು ಹಿಂಗಽ ಮಾತಾಡ್ತಾರ, ನಾ ಫೋನ್ ಇಟ್ಟಬಿಡ್ತೀನಿ.”

“ಏನಿಲ್ಲಮ್ಮ, ಅಭ್ಯಾಸ ಆಗಿದೆ.”

“ಅಮ್ಮ ಅಂತ. ನಾ ನಿನಗ ಅವ್ವ ಅದೀನಿ.” ಆಮೇಲೆ ಅವಳೇ ಮೆತ್ತಗಾದಳು. “ಯಾವ ಹುಡುಗಿ ಸಲುವಾಗಿ ಇದು? ಇರಲಿ, ಸೀರಿ ಕಳಸ್ತೀನಿ.”

ಹೇಳಿದಂತೆ ಕಳಿಸಿದಳು. ಕೆಂಪು ಸೆರಗಿನ ಇಳಕಲ್ ಸೀರೆ, ಊರಿನಿಂದ ಬಂದ ಯಾರದೋ ಸೂಟ್‌ಕೇಸಿನಲ್ಲಿ ಬಂತು.

ಎರಡು ವರ್ಷ ತುಂಬಿದ ಮೇಲೆ ಬಂದ ರಾಜ್ಯೋತ್ಸವ ಡೌನರ್ಸ್ ಗ್ರೋವ್‌ನ ಒಂದು ಬಾಡಿಗೆ ಹಾಲಿನಲ್ಲಿ ನಡೆಯಿತು. ಸದ್ದಿನ ಎಂಜಿನಿಯರ್ ಎಂದ ಮೇಲೆ ಕೇಳಬೇಕೆ, ಸೌಂಡ್ ಸಿಸ್ಟಮ್ ಕಲ್ಲಿನಾಥನ ಪಾಲಿಗೆ ಬಂತು. ವೈರು ಎಳೆಯುತ್ತಿದ್ದವನ ಬಳಿ ಪ್ರಭಾವತಿ ಬಂದು ಭುಜ ತಟ್ಟಿದರು.

“ಫಂಕ್ಷನ್ ಮುಗಿದ ಮೇಲೆ ಮನೆಗೆ ಬನ್ನಿ ಕಲ್ಲಿನಾಥ್. ಕೂತು ಮಾತಾಡೋಣ.”

“ಖಂಡಿತ ಆಂಟಿ, ಬರ್ತೀನಿ,” ಎಂದ. ಒಂದು ಸ್ವರವೂ ಜಾರಲಿಲ್ಲ. ಸೀರೆಯ ಬಾಕ್ಸು ಕಾರಿನ ಡಿಕ್ಕಿಯಲ್ಲಿತ್ತು. ಅವನು ಎರಡೆರಡು ಸಲ ಹೊರಗೆ ಹೋಗಿ ಅದನ್ನು ನೋಡಿ ಬಂದಿದ್ದ.

ಭಾನುಪ್ರಿಯಾಳದ್ದು ಅಂದು ಒಂದು ಸಣ್ಣ ಭಾಷಣ, ಲ್ಯಾಟಿನ್ ಹೇಗೆ ಮಕ್ಕಳನ್ನು ಹೆತ್ತಿತು ಎಂದು. ಹಸಿರು ರೇಷ್ಮೆ ಉಟ್ಟಿದ್ದಳು. ಲ್ಯಾಪ್‌ಟಾಪನ್ನು ಅವನ ಮುಂದೆ ಇಡುವಾಗ ಅವಳ ಬಳೆಗಳು ಅವನ ಮಣಿಕಟ್ಟಿಗೆ ತಗುಲಿದವು.

“ನಾನು ಸನ್ನೆ ಮಾಡ್ದಾಗ ಪ್ಲೇ ಮಾಡು.”

“ಏನಿದೆ ಇದರಲ್ಲಿ?”

“ಸರ್‌ಪ್ರೈಸ್,” ಎಂದು ಕಣ್ಣು ಮಿಟುಕಿಸಿ ವೇದಿಕೆ ಹತ್ತಿದಳು. ಆ ಕಣ್ಣಿನ ಮಿಟುಕಿಗೆ ಅವನು ಏನೇನೋ ಅರ್ಥ ಕಟ್ಟಿಕೊಂಡ.

ಚೆನ್ನಾಗಿಯೇ ಮಾತಾಡಿದಳು. ಪೆದೆ ಪಿಯೆ ಆದದ್ದು, ಬೊನು ಬ್ವೆನೊ ಆದದ್ದು, ಕಣ್ಣಿಗೆ ಒಕುಲು ಎನ್ನುತ್ತಿದ್ದವರು ನಡುವಿನ ಉಕಾರ ನುಂಗಿ ಒಕ್ಲು ಎಂದದ್ದು. “ಯಾರೂ ಅವರಿಗೆ ಬಲವಂತ ಮಾಡ್ಲಿಲ್ಲ,” ಎಂದಳು. “ಯಾರಂತೆ ಆಗಬೇಕು ಅನ್ನೋ ಆಸೆ ಇರುತ್ತೋ ಅವರ ಕಡೆ ಬಾಯಿ ತಾನಾಗೇ ವಾಲುತ್ತೆ. ಒಂದು ಉದಾಹರಣೆ ಕೇಳಿ. ನಮ್ಮ ನಡುವಿನವರೇ, ಹೆಸರು ಬೇಡ, ಸ್ಪೀಕರ್ ಕೆ ಅನ್ನೋಣ.”

ಸನ್ನೆ ಮಾಡಿದಳು. ಕಲ್ಲಿನಾಥ ಗುಂಡಿ ಒತ್ತಿದ.

ಹಾಲಿನ ನಾಲ್ಕು ಮೂಲೆಯಿಂದಲೂ ಅವನದೇ ದನಿ ಬಂತು. “ನಿನ್ನ ದನಿ ಕೇಳದಿದ್ರ ಹೊಟ್ಟಿಗೆ ಅನ್ನ ಇಳಿಯಾಂಗಿಲ್ಲ ನೋಡು.” ಮುಂದಿನ ಸಾಲು ಗೊಳ್ಳೆಂದಿತು. ಈ ದನಿ ಎರಡು ವರ್ಷದಿಂದ ಎಲ್ಲರಿಗೂ ಪರಿಚಿತ. ತಲೆಗಳು ಒಂದೊಂದಾಗಿ ಹಿಂದೆ ತಿರುಗಿದವು.

“ಇದು ಮೊದಲು. ಈಗ ಹೋದ ತಿಂಗಳು,” ಎಂದು ಅವಳು ಮತ್ತೆ ಸನ್ನೆ ಮಾಡಿದಳು.

ಅವನ ಬೆರಳು ಒತ್ತಬಾರದಿತ್ತು. ಒತ್ತಿತು. ಅವಳು ಹೇಳಿದ್ದನ್ನು ಮಾಡುವ ಅಭ್ಯಾಸ ಅಷ್ಟು ಆಳಕ್ಕೆ ಇಳಿದಿತ್ತು.

“ನೀನಿಲ್ಲದೆ ಇದು ಮನೆ ಅನ್ನಿಸೋದೇ ಇಲ್ಲ. ಬೇಗ ಬಾ.”

“ಮನೆ, ಬೇಗ. ಎಷ್ಟು ಸ್ಪಷ್ಟ ನೋಡಿ,” ಎಂದು ಭಾನುಪ್ರಿಯಾ ನಕ್ಕಳು. ಜನ ಚಪ್ಪಾಳೆ ತಟ್ಟಿದರು. ಕಲ್ಲಿನಾಥ ಬೇರೊಂದನ್ನು ಕೇಳಿಸಿಕೊಂಡಿದ್ದ. ಆ ಮಾತು ನಿಜವಾಗಿ ಭಾನು ಎಂದು ಶುರುವಾಗಿತ್ತು. ತನ್ನ ಹೆಸರೊಂದನ್ನು ಅವಳು ಹುಷಾರಾಗಿ ಕತ್ತರಿಸಿ ತೆಗೆದಿದ್ದಳು. ಕತ್ತರಿ ಬಿದ್ದ ಜಾಗದ ಸಣ್ಣ ಟಿಕ್ ಸದ್ದು ಆ ಹಾಲಿನಲ್ಲಿ ಅವನೊಬ್ಬನಿಗೇ ಕೇಳಿಸಿತು.

ಪಾರ್ಕಿಂಗ್ ಲಾಟಿನಲ್ಲಿ ಅವಳು ಓಡಿ ಬಂದು ಅವನನ್ನು ಹಿಡಿದಳು. ಸಂಜೆಯ ಚಳಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು. ಆಗಲೂ ಅವನಿಗೆ ಅದು ಮುದ್ದಾಗಿ ಕಂಡಿತು. ಕರ್ಮ.

“ಕೋಪ ಬಂತಾ? ನಿನ್ನ ಹೆಸರು ಹೇಳಿಲ್ಲ ನಾನು.”

“ನಿನ್ನ ಹೆಸರು ತೆಗೆದಿದೀಯ.”

“ಎಲ್ಲರೂ ಎಷ್ಟು ಮೆಚ್ಕೊಂಡ್ರು ಗೊತ್ತಾ.”

“ಪ್ರೀತಿ ಇತ್ತಾ ಭಾನು, ಇಲ್ಲ ಬರೀ ರೆಕಾರ್ಡಿಂಗಾ?”

ಸುಳ್ಳು ಹೇಳಬಹುದಿತ್ತು. ಕರುಣೆ ಇದ್ದವರು ಅಂಥ ಹೊತ್ತಿನಲ್ಲಿ ಒಂದು ಸುಳ್ಳು ಹೇಳುತ್ತಾರೆ. ಇವಳಿಗೆ ತನ್ನ ಪ್ರಾಮಾಣಿಕತೆಯ ಬಗ್ಗೆ ಹೆಮ್ಮೆಯಿತ್ತು.

“ಇತ್ತು. ಲೆಮಾಂಟ್‌ನಲ್ಲಿ ಬ್ಯಾಡ್ರೀ ಅಂದ್ಯಲ್ಲ, ಅವತ್ತಿಂದಾನೇ ಇತ್ತು. ಈಗ ನಿನ್ನ ಮಾತು ನಮ್ಮ ಚಿಕ್ಕಪ್ಪನ ಮಾತಿನ ಥರಾನೇ ಇದೆ. ಫೋನ್ ಎತ್ತಿದ್ರೆ ಮನೆಯವರು ಯಾರೋ ಮಾತಾಡಿದ ಹಾಗಿರುತ್ತೆ. ನಂಗೆ ಏನೂ ಅನ್ನಿಸಲ್ಲ ಕಣೋ.”

“ಬದಲಾಗು ಅಂದೋಳು ನೀನು.”

“ಹೌದು. ಇಷ್ಟು ಬೇಗ ಆಗ್ತೀಯ ಅಂದ್ಕೊಂಡಿರ್ಲಿಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಮೇಲೆ ಅವಳಿಗೂ ಏನೋ ತಟ್ಟಿರಬೇಕು, ಅವನ ತೋಳಿನತ್ತ ಕೈ ಚಾಚಿದಳು. ಅವನು ಅಷ್ಟರಲ್ಲಿ ಕಾರಿನ ಬಾಗಿಲು ತೆರೆದಿದ್ದ. ಪ್ರಭಾವತಿ ಮನೆಯಲ್ಲಿ ಕೇಸರಿಬಾತ್ ಮಾಡಿಟ್ಟು ಕಾದದ್ದೇ ಬಂತು.

ದಾರಿಯುದ್ದಕ್ಕೂ ಡಿಕ್ಕಿಯಲ್ಲಿ ಸೀರೆಯ ಬಾಕ್ಸು ಪ್ರತಿ ತಿರುವಿಗೂ ಜಾರಿ ಗೋಡೆಗೆ ಬಡಿಯುತ್ತಿತ್ತು. ಸದ್ದು ನಿಲ್ಲಿಸುವುದೇ ಕಸುಬಾದವನು ಅದನ್ನು ಮಿಷಿಗನ್‌ವರೆಗೂ ಬಡಿಯಲು ಬಿಟ್ಟ.

ಮನೆ ಮುಟ್ಟಿ ತಾಯಿಗೆ ಫೋನ್ ಮಾಡಿದ. “ಯವ್ವಾ, ಸೀರಿ ಕೊಡಲಿಲ್ಲ.”

“ಇಟಗೋ. ಸೀರಿ ಏನ್ ಹಳಸೂದಿಲ್ಲ,” ಎಂದಳು ನಿಂಗಮ್ಮ. “ಈಗ ನೋಡು, ನನ್ನ ಮಗ ಮಾತಾಡಿದ.”

ಚಳಿಗಾಲವೆಲ್ಲ ಭಾನುಪ್ರಿಯಾ ಥೀಸಿಸ್ ಬರೆದಳು. ಹೆಡ್‌ಫೋನ್ ಹಾಕಿಕೊಂಡು ಕುಳಿತರೆ ಕಿವಿಯ ತುಂಬ ಅವನೇ. ಮೊದಲ ವರ್ಷದ ಕಲ್ಲಿನಾಥ. ಊಟ ಆತೇನ, ಹೊರಗ ಮಂಜ ಬೀಳಾಕತ್ತೇತಿ, ಬೂಟ್ ಹಾಕ್ಕೋ. ಅಳೆಯಲು ಒಂದು ಸ್ವರ ಸಾಕಿತ್ತು, ಅವಳು ಪೂರ್ತಿ ಮಾತು ಕೇಳತೊಡಗಿದಳು. ಅಳೆದು ಮುಗಿದದ್ದನ್ನೂ ಮತ್ತೆ ಕೇಳಿದಳು. ನೀನು ಇಲ್ಲದಾಗ ಕೇಳೋಕೆ ಎಂದು ಅವತ್ತು ಬಾಯಿಗೆ ಬಂದದ್ದು ಈಗ ತಾನಾಗಿ ನಿಜವಾಗಿತ್ತು. ಅವಳ ಮೆಸೇಜುಗಳಿಗೆ ಅವನಿಂದ ಉತ್ತರ ಬರಲಿಲ್ಲ.

ಒಂದು ಬೆಳಿಗ್ಗೆ ಚಿಕ್ಕಮ್ಮ ತಟ್ಟೆಗೆ ಇನ್ನೊಂದು ದೋಸೆ ಹಾಕಲು ಬಂದರು.

“ಬ್ಯಾಡ ಚಿಕ್ಕಮ್ಮ.”

“ಏನೇ ಅದು ಬ್ಯಾಡ?”

ಭಾನುಪ್ರಿಯಾ ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಮೈಸೂರಿನ ಏಕಾರ ತನ್ನ ಬಾಯಲ್ಲೇ ಒಡೆದಿತ್ತು, ಅದೂ ಗೊತ್ತಾಗದ ಹಾಗೆ. ಅವಳ ಕಣ್ಣು ತುಂಬಿ ಬಂತು.

“ಕಲ್ಲಿನಾಥನ ಮಾತು ಅದು,” ಎಂದರು ಪ್ರಭಾವತಿ. “ಒಳ್ಳೇ ಹುಡುಗ. ಅವತ್ತು ನಾವು ಒಪ್ಪಿಗೆ ಹೇಳೋಣ ಅಂತಲೇ ಕರೆದಿದ್ದು.”

“ಈಗ ನೀಟಾಗಿ ಮಾತಾಡ್ತಾರೆ ಅಂತ ತಾನೇ ಒಪ್ಪಿದ್ದು?”

“ಮಾತಿಗೇನಾಗಿತ್ತು? ನಂಗೆ ಮೊದಲಿನ ಮಾತೇ ಇಷ್ಟ ಆಗಿತ್ತು. ಒರಟು ಅಂತ ನಾನು ಯಾವತ್ತಾದ್ರೂ ಅಂದಿದ್ನಾ?”

ಅವರು ಯಾವತ್ತೂ ಅಂದಿರಲಿಲ್ಲ. ಅದು ಭಾನುಪ್ರಿಯಾ ಕಟ್ಟಿದ ಮಾತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವಳು ತಟ್ಟೆ ಬಿಟ್ಟು ಎದ್ದಳು, ಕಾರಿನ ಕೀ ತೆಗೆದುಕೊಂಡಳು.

ವಾರೆನ್‌ನ ಅಪಾರ್ಟ್‌ಮೆಂಟಿನ ಬಾಗಿಲು ತೆರೆದವನು ಅವಳನ್ನು ನೋಡಿ ಬೆಚ್ಚಲೂ ಇಲ್ಲ, ನಗಲೂ ಇಲ್ಲ.

“ಬನ್ನಿ. ದಾರೀಲಿ ತೊಂದರೆ ಆಗ್ಲಿಲ್ಲ ತಾನೆ?”

ಬನ್ನಿ ಎಂದ. ನೀನು ಹೋಗಿ ನೀವು ಆಗಿತ್ತು. ಕೂರಿಸಿ ಟೀ ಕೊಟ್ಟ. ಕಪ್ಪಿನ ಕೆಳಗೆ ಸಾಸರ್ ಇಟ್ಟ. ಚಿಕ್ಕಮ್ಮ, ಚಿಕ್ಕಪ್ಪ, ಥೀಸಿಸ್, ಎಲ್ಲವನ್ನೂ ವಿಚಾರಿಸಿದ. ಅವಳು ಕಲಿಸಿದ ಕನ್ನಡ, ಒಂದು ಕೂದಲು ಅತ್ತಿತ್ತ ಇಲ್ಲ.

“ನಿಮ್ಮ ಮಾತಿನಾಗ ಮಾತಾಡ್ರೀ,” ಎಂದಳು ಭಾನುಪ್ರಿಯಾ. “ನೀ ನನ್ನ ಕೂಡ ಮೊದಲ ಹೆಂಗ ಮಾತಾಡ್ತಿದ್ದಿ, ಹಂಗ.”

“ಮರೆತು ಹೋಗಿದೆ. ಕ್ಷಮಿಸಿ.”

ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಎದ್ದು ಒಳಗಿನ ಕೋಣೆಗೆ ಹೋದ. ಬಾಗಿಲನ್ನು ಅರ್ಧ ಮಾತ್ರ ಎಳೆದುಕೊಂಡ. ಬೇಕೆಂದೇ ಇರಬೇಕು.

“ಯವ್ವಾ, ಹೇಳು. ಉಂಡೀನಿ. ಇಲ್ಲ, ಮನ್ಯಾಗಽ ಅದೀನಿ. ಸೀರಿ ಕಪಾಟಿನ ಮ್ಯಾಲ ಐತಿ, ಇರಲಿ ಬಿಡವಾ. ಯಾರೋ ಬಂದಾರ, ಆಮ್ಯಾಲ ಮಾಡ್ತೀನಿ.”

ಒಂದು ಸ್ವರವೂ ಕಳೆದುಹೋಗಿರಲಿಲ್ಲ. ಮ್ಯಾಲ ಇತ್ತು, ಸೀರಿ ಇತ್ತು. ಒಮ್ಮೆ ಅವಳಿಗೆಂದೇ ಹರಿದ ದನಿ ಗೋಡೆಯಾಚೆ ಇಡಿಯಾಗಿ ಇತ್ತು, ಅವಳ ಪಾಲಿಗೆ ಮಾತ್ರ ಇರಲಿಲ್ಲ. ಯಾರೋ ಎಂದದ್ದು ತನ್ನನ್ನೇ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು.

ಅವನು ಹೊರಗೆ ಬಂದಾಗ ಅವಳು ಎದ್ದು ನಿಂತಿದ್ದಳು. ಟೀ ಹಾಗೇ ಆರಿತ್ತು. ಅವಳು ಹತ್ತಿರ ಬಂದು ಮೊದಲಿನಂತೆ ತೋರುಬೆರಳನ್ನು ಅವನ ಕೆಳದುಟಿಯ ಮೇಲಿಟ್ಟಳು. ಅವನು ಹಿಂದೆ ಸರಿಯಲಿಲ್ಲ. ಬೆರಳಿನ ಕೆಳಗೆ ಅವನ ಉಸಿರು ಬೆಚ್ಚಗಿತ್ತು.

“ತಪ್ಪಾತು. ನಿನ್ನ ಮ್ಯಾಲ ಭಾಳ ಜೀವ ಐತಿ ನನಗ,” ಎಂದಳು. ಕಲಿತ ಮಾತಲ್ಲ, ಬಾಯಿಗೆ ತಾನಾಗಿ ಬಂದ ಮಾತು. “ನನ್ನ ಬ್ಯಾಡ ಅನಬ್ಯಾಡ.”

ಕಲ್ಲಿನಾಥ ಅವಳ ಕಣ್ಣನ್ನೇ ನೋಡಿದ. ಪ್ರೀತಿ ಸತ್ತಿರಲಿಲ್ಲ. ಸತ್ತಿದ್ದರೆ ಅಷ್ಟು ಹೊತ್ತು ನೋಡುತ್ತಿರಲಿಲ್ಲ.

“ಬೇಡ,” ಎಂದ.

ಆ ಏಕಾರ ಅವಳ ಬೆರಳಿನ ಕೆಳಗೆ ನೀಳವಾಗಿ, ನೇರವಾಗಿ ಬಂತು. ಅವಳು ಕಲಿಸಿದಂತೆಯೇ ಇತ್ತು, ಎಲ್ಲಿಯೂ ಒಡೆಯಲಿಲ್ಲ.